ರಾಸ್ಪ್‌ಬೆರಿ ಪೈ ಮೇಲೆ ಎಸ್‌ಡಿಆರ್: ತಾರಸಿಯ ತಂತಿಯಿಂದ ಬ್ರೌಸರ್‌ವರೆಗೆ

ಬೆಂಗಳೂರಿನ ತಾರಸಿಯೊಂದರ ಮೇಲೆ ಒಂದು ತಂತಿ. ಕೆಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆ ಚುಚ್ಚಿದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಎಸ್‌ಡಿಆರ್ ಅಂದರೆ ಹೆಚ್ಚಿನ ಕೆಲಸವನ್ನು ಸಾಫ್ಟ್‌ವೇರೇ ಮಾಡುವ ರೇಡಿಯೋ). ಆ ತಂತಿಗೆ ಬೀಳುವ ರೇಡಿಯೋ ಸಿಗ್ನಲ್‌ಗಳನ್ನು ಯಾವ ಊರಲ್ಲಿದ್ದರೂ ಬ್ರೌಸರ್ ತೆರೆದು ಕೇಳಬೇಕು, ಗುರಿ ಇಷ್ಟೇ. ಈಗ ಅದು ಹಗಲೂ ರಾತ್ರಿ ಓಡುತ್ತಿದೆ. ವಿಡಿಯೋಗಳಲ್ಲಿ ಇದನ್ನು ಅರ್ಧ ಗಂಟೆಯ ಕೆಲಸ ಅಂತ ತೋರಿಸುತ್ತಾರೆ. ಸಾಫ್ಟ್‌ವೇರ್ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಸಮಯ ತಿಂದದ್ದು ಬೇರೆಯವು: ಕರೆಂಟು, ಮನೆಯೊಳಗಿನ ರೇಡಿಯೋ ಗದ್ದಲ, ಮತ್ತು ಇಂಟರ್ನೆಟ್ ಕಂಪನಿ ಕೊಡುವ ಐಪಿ ವಿಳಾಸ. ಈ ಮೂರನ್ನು ಮೊದಲು ವಿಚಾರಿಸಿಕೊಂಡು ಆಮೇಲೆ ದುಡ್ಡು ಹಾಕಿ.

ಸಾಮಾನು, ಖರ್ಚು

ಡಾಂಗಲ್ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ವಿ4. ಅದರೊಳಗಿನ ಆರ್‌ಟಿಎಲ್ 2832ಯು ಚಿಪ್ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ತೋರಿಸಲು. 8 ಬಿಟ್ ಎಡಿಸಿ (ಅಲೆಯನ್ನು ಅಂಕಿಗಳಾಗಿ ಬದಲಿಸುವ ಭಾಗ), 28.8 ಮೆಗಾಹರ್ಟ್ಸ್ ಕ್ಲಾಕ್. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್‌ವರೆಗೆ ನೆಮ್ಮದಿಯಾಗಿ ಓಡುತ್ತದೆ. 32 ಲಕ್ಷಕ್ಕೆ ಏರಿಸಬಹುದು, ಆದರೆ ನಡುನಡುವೆ ಸ್ಯಾಂಪಲ್ ಬಿದ್ದುಹೋಗುತ್ತವೆ. ಅಂದರೆ ಒಂದು ಡಾಂಗಲ್‌ನಲ್ಲಿ ಏಕಕಾಲಕ್ಕೆ ಕಾಣುವುದು 2.4 ಮೆಗಾಹರ್ಟ್ಸ್ ಅಗಲದ ಒಂದು ಕಿಟಕಿ. 7 ಮತ್ತು 14 ಮೆಗಾಹರ್ಟ್ಸ್ ಎರಡನ್ನೂ ಒಟ್ಟಿಗೆ ನೋಡುತ್ತೇನೆಂದರೆ ಆಗದು. ಪೂರ್ತಿ 0ಯಿಂದ 30 ಮೆಗಾಹರ್ಟ್ಸ್ ಒಂದೇ ಸಲ ಬೇಕಿದ್ದವರು 14 ಬಿಟ್‌ನ ಕಿವಿಎಸ್‌ಡಿಆರ್ ಎಂಬ ರಿಸೀವರ್ ಕಡೆ ನೋಡಬೇಕು. ಅದರ ಬೆಲೆಯೇ ಬೇರೆ ಲೆಕ್ಕ.

ಬಹಳ ಅಗ್ಗದ ಪ್ಲಾಸ್ಟಿಕ್ ಡಾಂಗಲ್ ಬೇಡ. ಅವುಗಳ ಆವರ್ತನ ಹಿಡಿದಿಡುವ ಸ್ಫಟಿಕ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು), ಕೆಲವೊಮ್ಮೆ ಅದಕ್ಕೂ ಹೆಚ್ಚು ಆಚೀಚೆ ಇರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಅದು 5 ಕಿಲೋಹರ್ಟ್ಸ್ ತಪ್ಪು, 1090ರಲ್ಲಿ 54 ಕಿಲೋಹರ್ಟ್ಸ್. ಬಿಸಿಯಾದಂತೆ ಜಾರುತ್ತಲೂ ಹೋಗುತ್ತದೆ. ವಿ3, ವಿ4ರಲ್ಲಿರುವುದು 1 ಪಿಪಿಎಂನ ಟಿಸಿಎಕ್ಸ್‌ಓ, ಅಂದರೆ ಬಿಸಿಗೆ ಅಷ್ಟಾಗಿ ಜಾರದ ಸ್ಫಟಿಕ. ಲೋಹದ ಪೆಟ್ಟಿಗೆ, ಎಸ್‌ಎಂಎ ಕನೆಕ್ಟರ್. ನಕಲಿಗಳೂ ಓಡಾಡುತ್ತವೆ, ಹಾಗಾಗಿ ಭಾರತದಲ್ಲೇ ಬಿಲ್ ಕೊಟ್ಟು ಮಾರುವವರಿಂದ ತಗೊಳ್ಳುವುದು ಒಳ್ಳೆಯದು. ಹೊರದೇಶದಿಂದ ನೇರ ತರಿಸಿದರೆ ಕೊರಿಯರ್‌ನವರಿಗೆ ಆಧಾರ್ ಪ್ರತಿ, ದುಡ್ಡು ಕಟ್ಟಿದ ರಸೀದಿ ಎಲ್ಲ ಕಳಿಸಬೇಕು. ವಿವರಣೆಯಲ್ಲಿ ವೈರ್‌ಲೆಸ್ ಅನ್ನುವ ಶಬ್ದ ಕಂಡರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಬರುವುದೂ ಉಂಟು. ಉಳಿಯುವ ಕೆಲವು ನೂರು ರೂಪಾಯಿಗೆ ಆ ಕಾಯುವಿಕೆ ತಕ್ಕುದಲ್ಲ.

ಬೋರ್ಡ್ ವಿಷಯದಲ್ಲಿ ರಾಸ್ಪ್‌ಬೆರಿ ಪೈ 4, 2 ಜಿಬಿ ರ್‍ಯಾಮ್ ಇದ್ದದ್ದು ಸಾಕೇ ಸಾಕು. ಪೈ 3ಬಿಯಲ್ಲಿ ಈಥರ್ನೆಟ್ಟೂ ಯುಎಸ್‌ಬಿಯೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ನುಗ್ಗಬೇಕು. ಡಾಂಗಲ್‌ನಿಂದ ಬಂದ ಅಷ್ಟೂ ಡೇಟಾ ಮತ್ತೆ ಅದೇ ದಾರಿಯಲ್ಲಿ ಹೊರಗೆ ಹೋಗಬೇಕಾದಾಗ ಅದು ತಡವರಿಸುತ್ತದೆ. ಪೈ 5 ಚೆನ್ನಾಗಿದೆ, ಆದರೆ ಅದಕ್ಕೆ 5 ವೋಲ್ಟ್ 5 ಆಂಪಿಯರ್‌ನ ಅಡಾಪ್ಟರ್ ಬೇಕು. 3 ಆಂಪಿಯರ್‌ನದು ಕೊಟ್ಟರೆ ನಾಲ್ಕೂ ಯುಎಸ್‌ಬಿ ಸೇರಿ 600 ಮಿಲಿಆಂಪಿಯರ್‌ಗೆ ಮಿತಿ ಹಾಕಿಕೊಳ್ಳುತ್ತದೆ. ಒಂದು ಡಾಂಗಲ್ ಹತ್ತಿರ ಹತ್ತಿರ 300 ಎಳೆಯುತ್ತದೆ, ಎರಡನೆಯದನ್ನು ಹಾಕುವಾಗ ತೊಂದರೆ ಶುರು.

ಅಡಾಪ್ಟರ್‌ನಲ್ಲಿ ಚೌಕಾಶಿ ಮಾಡಬೇಡಿ. ಮೊಬೈಲ್ ಚಾರ್ಜರ್ ಮೇಲೆ 3 ಆಂಪಿಯರ್ ಅಂತ ಬರೆದಿದ್ದರೂ ತೆಳ್ಳನೆಯ ಕೇಬಲ್ಲಿನಲ್ಲೇ ವೋಲ್ಟೇಜ್ ಇಳಿದುಹೋಗುತ್ತದೆ. ವಿಸಿಜೆನ್‌ಸಿಎಂಡಿ ಕಮಾಂಡಿಗೆ ಗೆಟ್-ಥ್ರಾಟಲ್ಡ್ ಅಂತ ಕೊಟ್ಟು ಕೇಳಿದರೆ ಸೊನ್ನೆ ಬರಬೇಕು. 50005 ಬಂದರೆ ಈ ಕ್ಷಣವೇ ಕರೆಂಟು ಸಾಲುತ್ತಿಲ್ಲ, 50000 ಬಂದರೆ ಬೂಟ್ ಆದ ಮೇಲೆ ಎಂದೋ ಒಮ್ಮೆ ಸಾಲದೆ ಹೋಗಿದೆ. "ವಾಟರ್‌ಫಾಲ್ ತಡೆದು ತಡೆದು ಬರುತ್ತದೆ" ಅನ್ನುವ ದೂರು ಬಹಳ ಸಲ ಇಲ್ಲಿಗೇ ಬಂದು ನಿಲ್ಲುತ್ತದೆ (ವಾಟರ್‌ಫಾಲ್ ಅಂದರೆ ಸಿಗ್ನಲ್‌ಗಳು ಬಣ್ಣದ ಗೆರೆಗಳಾಗಿ ಹರಿಯುವ ಪರದೆಯ ಚಿತ್ರ).

ಕೇಬಲ್ಲಿಗೆ 50 ಓಮಿನದೇ ಆಗಬೇಕೆಂದು ಹಠ ಬೇಡ. ಕೇಬಲ್ ಟಿವಿಯವರು ಬಳಸುವ ಆರ್‌ಜಿ-6, 75 ಓಮಿನದು, ಯಾವ ಬಡಾವಣೆಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹೊಂದಾಣಿಕೆ ಇಲ್ಲದ್ದರಿಂದ ಆಗುವ ನಷ್ಟ 0.2 ಡೆಸಿಬೆಲ್‌ಗಿಂತ ಕಡಿಮೆ. ಕೇಳುವುದಕ್ಕಷ್ಟೇ ಆದ್ದರಿಂದ ಅದು ಲೆಕ್ಕಕ್ಕೇ ಇಲ್ಲ. ಎಫ್ ಕನೆಕ್ಟರಿನಿಂದ ಎಸ್‌ಎಂಎಗೆ ಹೋಗುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಪೈ, ಡಾಂಗಲ್, ಅಡಾಪ್ಟರ್, ಕಾರ್ಡ್, ಕೇಬಲ್, ಫೆರೈಟ್ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಬಿತ್ತು. ಐಪಿಗೆ ಕಟ್ಟಿದ್ದು ಬೇರೆ.

ಓಎಸ್ ಮತ್ತು ಡ್ರೈವರ್

ಕಾರ್ಡಿಗೆ ಓಎಸ್ ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಪೈ ಓಎಸ್ ಲೈಟ್, 64 ಬಿಟ್. ಕಾರ್ಡಿಗೆ ಬರೆಯುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಯೂಸರ್ ಹೆಸರು, ಪಾಸ್‌ವರ್ಡ್, ಎಸ್‌ಎಸ್‌ಎಚ್ ಹೊಂದಿಸಿ. 2022ರಿಂದ ಈಚೆಗೆ "ಪೈ" ಎಂಬ ಸಿದ್ಧ ಯೂಸರ್ ಇಲ್ಲ, ಇದನ್ನು ಬಿಟ್ಟರೆ ಮಾನಿಟರ್ ಇಲ್ಲದೆ ಒಳಗೆ ಹೋಗುವ ದಾರಿಯೇ ಇರುವುದಿಲ್ಲ. ವೈಫೈ ಬೇಡ, ಈಥರ್ನೆಟ್ ಹಾಕಿ. ಯಾಕೆಂದು ಮುಂದೆ ಬರುತ್ತದೆ.

ಡಾಂಗಲ್ ಚುಚ್ಚಿದ ಕೂಡಲೇ ಲಿನಕ್ಸ್ ಇದನ್ನು ಟಿವಿ ಕಾರ್ಡ್ ಎಂದುಕೊಂಡು ತನ್ನ ಡಿವಿಬಿ ಡ್ರೈವರನ್ನು ಹಚ್ಚಿಬಿಡುತ್ತದೆ. ಆಮೇಲೆ ಎಸ್‌ಡಿಆರ್ ಪ್ರೋಗ್ರಾಮ್ ಹೋಗಿ ಕೇಳಿದರೆ ಸಾಧನ ಬಿಡುವಿಲ್ಲ, ಕ್ಲೇಮ್ ಇಂಟರ್‌ಫೇಸ್ ಎರರ್ ಮೈನಸ್ 6. ಡೆಬಿಯನ್ ಪ್ಯಾಕೇಜ್ ಮೂಲಕ ಲೈಬ್ರರಿ ಹಾಕಿದರೆ ಬ್ಲ್ಯಾಕ್‌ಲಿಸ್ಟ್ ಫೈಲ್ ಜೊತೆಗೇ ಬರುತ್ತದೆ. ಸೋರ್ಸಿನಿಂದ ಕಟ್ಟಿದರೆ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಆ ಡಿವಿಬಿ ಮಾಡ್ಯೂಲಿನ ಹೆಸರು ನೀವೇ ಬರೆದು ರೀಬೂಟ್ ಮಾಡಬೇಕು. ಸೂಪರ್‌ಯೂಸರ್ ಆಗಿ ಓಡಿಸಿದರೆ ಕೆಲಸ ಮಾಡುತ್ತದೆ, ಮಾಮೂಲಿ ಯೂಸರ್ ಆಗಿ ಇಲ್ಲ ಅಂತಾದರೆ ಸಾಧನ ಬಳಸಲು ಅನುಮತಿ ಕೊಡುವ ಯುಡೆವ್ ನಿಯಮದ ಫೈಲ್ ಇಲ್ಲವೆಂದರ್ಥ.

ವಿ4ರಲ್ಲಿ ಇನ್ನೊಂದು ತೊಡಕಿದೆ. ಅದರ ಟ್ಯೂನರ್ ಆರ್828ಡಿ, ಶಾರ್ಟ್‌ವೇವ್‌ಗಾಗಿ ಒಳಗೇ ಒಂದು ಅಪ್‌ಕನ್ವರ್ಟರ್. 7.074ಕ್ಕೆ ಟ್ಯೂನ್ ಮಾಡಿ ಅಂದರೆ ಡ್ರೈವರ್ ಗುಟ್ಟಾಗಿ 28.8 ಕೂಡಿಸಿ 35.874ಕ್ಕೆ ಹೋಗಬೇಕು. ಹಳೆಯ ಡ್ರೈವರಿಗೆ ಈ ಲೆಕ್ಕ ಗೊತ್ತಿಲ್ಲ. ಪಿಎಲ್‌ಎಲ್ ನಾಟ್ ಲಾಕ್ಡ್ ಅಂತ ಟರ್ಮಿನಲ್ಲಿನಲ್ಲಿ ಬರುತ್ತಿದ್ದರೆ, ಅಥವಾ ಶಾರ್ಟ್‌ವೇವ್ ಪೂರ್ತಿ ಖಾಲಿ ಕಂಡರೆ ಡಾಂಗಲ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. ಲೈಬ್ರರಿ ಹಳೆಯದು. ಡೆಬಿಯನ್ 13, ಅಂದರೆ ಟ್ರಿಕ್ಸಿ ಮೇಲಿನ ಓಎಸ್‌ನಲ್ಲಿ 2ನೇ ಸರಣಿಯ ಲೈಬ್ರರಿ ಇದೆ, ಅದು ವಿ4 ಬಲ್ಲದು. ಅದರ ಹಿಂದಿನ ಆವೃತ್ತಿ ಬುಕ್‌ವರ್ಮ್‌ನಲ್ಲಿರುವುದು 0.6.

ಬುಕ್‌ವರ್ಮ್‌ನಲ್ಲೇ ಉಳಿಯುವವರು ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನ ಫೋರ್ಕ್ (ಅವರೇ ತಿದ್ದಿದ ಡ್ರೈವರ್ ಪ್ರತಿ) ತಂದು ಸಿಮೇಕ್, ಮೇಕ್, ಮೇಕ್ ಇನ್‌ಸ್ಟಾಲ್ ಮಾಡುತ್ತಾರೆ. ಎಲ್ಲವೂ ಯಶಸ್ವಿ ಅಂತಲೇ ತೋರಿಸುತ್ತದೆ. ಆಮೇಲೆ ರೇಡಿಯೋವನ್ನು ಬ್ರೌಸರಿಗೆ ತರುವ ಪ್ರೋಗ್ರಾಮ್ ಓಪನ್‌ವೆಬ್‌ಆರ್‌ಎಕ್ಸ್ ಹಾಕುತ್ತೀರಿ, ಅದು ತನ್ನ ಅವಲಂಬನೆ ಅಂತ ಹಳೆಯ ಲೈಬ್ರರಿಯನ್ನು ಮತ್ತೆ ಎಳೆದು ತರುತ್ತದೆ. ಹೊಸದು ಯುಎಸ್‌ಆರ್-ಲೋಕಲ್‌ನಲ್ಲಿದೆ, ಹಳೆಯದು ಯುಎಸ್‌ಆರ್-ಲಿಬ್‌ನ ಒಳಗೆ. ಸಾಮಾನ್ಯ ಪಿಸಿಯಲ್ಲಿ ಲೋಕಲ್‌ನದೇ ಗೆಲ್ಲುತ್ತದೆ, 64 ಬಿಟ್ ಪೈಯಲ್ಲಿ ಉಲ್ಟಾ. ಕಾರಣ ತಮಾಷೆಯಾಗಿದೆ: ಲೋಡರ್ ತನ್ನ ಸೆಟ್ಟಿಂಗ್ ಫೈಲುಗಳನ್ನು ಅಕ್ಷರಕ್ರಮದಲ್ಲಿ ಓದುತ್ತದೆ. 64 ಬಿಟ್ ಪೈಯ, ಅಂದರೆ ಎಆರ್ಚ್64ರ ಫೈಲ್ ಶುರುವಾಗುವುದು 'ಎ'ಯಿಂದ, ಲೋಕಲ್ ದಾರಿ ಹೇಳುವ ಫೈಲ್ ಶುರುವಾಗುವುದು 'ಎಲ್'ನಿಂದ. ಹೀಗಾಗಿ ಹೊಸ ಡ್ರೈವರ್ ಕೂತಿದ್ದರೂ ಓಡುವುದು ಹಳೆಯದೇ. ಎಲ್‌ಡಿಡಿ ಕಮಾಂಡಿನಿಂದ ಯಾವ ಲೈಬ್ರರಿ ಹಿಡಿಯುತ್ತಿದೆ ಎಂದು ನೋಡಿ. ಇದಕ್ಕೆ ಶುದ್ಧ ಪರಿಹಾರವೆಂದರೆ ಆ ಫೋರ್ಕನ್ನು ಡೆಬಿಯನ್ ಪ್ಯಾಕೇಜಾಗಿಯೇ ಕಟ್ಟಿ, ಬರುವ ಡೆಬ್ ಫೈಲುಗಳನ್ನು ಡಿಪಿಕೆಜಿಯಿಂದ ಹಾಕುವುದು. ಆಗ ಹಳೆಯದರ ಜಾಗದಲ್ಲೇ ಹೊಸದು ಕೂರುತ್ತದೆ, ಜಗಳವಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಟ್ರಿಕ್ಸಿಯೇ ಸುಲಭ.

ಪರೀಕ್ಷೆಗೆ ಆರ್‌ಟಿಎಲ್-ಟೆಸ್ಟ್ ಓಡಿಸಿ ಹತ್ತು ನಿಮಿಷ ಬಿಡಿ. ಶುರುವಿನಲ್ಲಿ ಒಂದೆರಡು ಸಲ "ಲಾಸ್ಟ್ ಬೈಟ್ಸ್" ಬಂದು ಆಮೇಲೆ ಸುಮ್ಮನಾದರೆ ಸರಿ. ಬರುತ್ತಲೇ ಇದ್ದರೆ ಕೇಬಲ್, ಅಡಾಪ್ಟರ್, ಇಲ್ಲವೇ ಯುಎಸ್‌ಬಿ ಹಬ್ಬಿನ ಸಮಸ್ಯೆ.

ಮೊದಲ ಸದ್ದು

ಆಂಟೆನಾ ಕಟ್ಟುವ ಮೊದಲು ಜಾಲದಲ್ಲಿ ಡೇಟಾ ಹರಿಯುತ್ತದೆಯೇ ನೋಡಲು ಆರ್‌ಟಿಎಲ್-ಟಿಸಿಪಿ ಒಳ್ಳೆಯದು. ಪೈಯಲ್ಲಿ ಅದನ್ನು ಓಡಿಸಿ, ಲ್ಯಾಪ್‌ಟಾಪಿನ ಎಸ್‌ಡಿಆರ್ ಪ್ರೋಗ್ರಾಮಿನಲ್ಲಿ ಪೈಯ ವಿಳಾಸ, ಪೋರ್ಟ್ 1234 ಕೊಡಿ. ಜೊತೆಗೆ ಬಂದ ಪುಟ್ಟ ಆಂಟೆನಾದಲ್ಲೇ ಬೆಂಗಳೂರಿನ 102.9 ವಿವಿಧ ಭಾರತಿ, 101.3 ಕಾಮನಬಿಲ್ಲು ಗೋಡೆಯಂತೆ ಎದ್ದು ನಿಂತವು. ಎಫ್‌ಎಂ ಬಂತು ಅಂದರೆ ಡಾಂಗಲ್, ಡ್ರೈವರ್, ಜಾಲ ಮೂರೂ ಸರಿ ಅಂತ. ಅಲ್ಲಿಯವರೆಗಿನ ತಲೆನೋವಿಗೆ ಅದು ಸಮಾಧಾನ.

ಆದರೆ ಈ ಆರ್‌ಟಿಎಲ್-ಟಿಸಿಪಿಯನ್ನೇ ಇಂಟರ್ನೆಟ್ಟಿಗೆ ತೆರೆದಿಡುವ ಯೋಚನೆ ಬೇಡ. ಒಂದನೆಯದಾಗಿ ಅದಕ್ಕೆ ಪಾಸ್‌ವರ್ಡ್ ಎಂಬುದೇ ಇಲ್ಲ. ಎರಡನೆಯದು ಲೆಕ್ಕ: 24 ಲಕ್ಷ ಸ್ಯಾಂಪಲ್, ಒಂದೊಂದಕ್ಕೂ ಎರಡು ಬೈಟ್, ಅಂದರೆ ಸೆಕೆಂಡಿಗೆ 4.8 ಮೆಗಾಬೈಟ್, 38 ಮೆಗಾಬಿಟ್ಟಿಗೂ ಮೇಲು. ಎರಡು ಗೋಡೆ ದಾಟಿದ ವೈಫೈ ಇದನ್ನು ತಡೆಯಿಲ್ಲದೆ ಹೊರುವುದಿಲ್ಲ, ಈಥರ್ನೆಟ್ ಅಂದದ್ದು ಇದಕ್ಕೇ. ದಿನವಿಡೀ ಹೊರಗೆ ಹರಿಸಿದರೆ 414 ಜಿಬಿ. ನಮ್ಮಲ್ಲಿ ಬಹಳಷ್ಟು ಫೈಬರ್ ಪ್ಲಾನುಗಳಿಗಿರುವ 3.3 ಟಿಬಿ ಮಿತಿ ಎಂಟು ದಿನಕ್ಕೆ ಖಲಾಸ್. ಓಪನ್‌ವೆಬ್‌ಆರ್‌ಎಕ್ಸ್‌ನಲ್ಲಿ ಲೆಕ್ಕಾಚಾರವೆಲ್ಲ ಪೈಯಲ್ಲೇ ಆಗುತ್ತದೆ. ಹೊರಗೆ ಹೋಗುವುದು ಕುಗ್ಗಿಸಿದ ವಾಟರ್‌ಫಾಲ್ ಮತ್ತು ಧ್ವನಿ, ಒಬ್ಬ ಕೇಳುಗನಿಗೆ ಕೆಲವು ನೂರು ಕಿಲೋಬಿಟ್ ಮಾತ್ರ.

ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಎಂಬುದು) ಬಗ್ಗೆ ಒಂದು ಮಾತು. ಆಟೋ ಬಿಡಬೇಡಿ. ಆಂಟೆನಾ ಕಿತ್ತಿಟ್ಟು ಗದ್ದಲದ ಮಟ್ಟ ನೋಡಿ, ಮತ್ತೆ ಹಾಕಿ. ಹಾಕಿದಾಗ ಮಟ್ಟ ಸ್ವಲ್ಪ ಏರುವಷ್ಟು ಗೇನ್ ಇದ್ದರೆ ಸಾಕು. ಅದಕ್ಕಿಂತ ಏರಿಸಿದರೆ ನಿಲ್ದಾಣಗಳು ಹೆಚ್ಚಾದಂತೆ ಕಾಣುತ್ತವೆ, ಅವೆಲ್ಲ ಭೂತಗಳು. ಬೆಂಗಳೂರಿನಲ್ಲಿ ಎಫ್‌ಎಂನವರ ಅಬ್ಬರಕ್ಕೆ 88–108 ತಡೆಯುವ ಫಿಲ್ಟರ್ ಹಾಕದೆ ವಿಎಚ್‌ಎಫ್ ಕೇಳುವುದು ಕಷ್ಟ. ಕೆಳಗೆ ಆಕಾಶವಾಣಿಯ 612 ಕಿಲೋಹರ್ಟ್ಸ್ ಇದೆ. ಅದು ಶಾರ್ಟ್‌ವೇವನ್ನೂ ತುಳಿಯುತ್ತಿದ್ದರೆ ಮೀಡಿಯಂ ವೇವ್ ತಡೆಯುವ ಹೈಪಾಸ್ ಫಿಲ್ಟರ್ ಬೇಕು.

ವಿ3 ಇರುವವರಿಗೆ: ಅದರಲ್ಲಿ ಶಾರ್ಟ್‌ವೇವ್ ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ, ಕ್ಯೂ ಶಾಖೆಯಲ್ಲಿ. ಸಿಗ್ನಲ್ ಟ್ಯೂನರ್ ಮೂಲಕ ಹೋಗುವುದೇ ಇಲ್ಲವಾದ್ದರಿಂದ ಗೇನ್ ಗುಂಡಿ ಏನೂ ಮಾಡದು. 28.8ರ ಕ್ಲಾಕಾದ ಕಾರಣ ಎಲ್ಲವೂ 14.4ರಲ್ಲಿ ಮಡಚಿಕೊಳ್ಳುತ್ತದೆ. 15.1 ಮೆಗಾಹರ್ಟ್ಸ್‌ನ ನಿಲ್ದಾಣ 13.7ರಲ್ಲೂ ಕಾಣಿಸುತ್ತದೆ, ಅಲ್ಲೂ ಪ್ರಸಾರದ ಬ್ಯಾಂಡೇ ಇರುವುದರಿಂದ ನಿಜ ಯಾವುದು ಸುಳ್ಳು ಯಾವುದು ತಿಳಿಯುವುದಿಲ್ಲ. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ 14.074ಕ್ಕೆ 14.726ರಲ್ಲಿ ಪ್ರತಿಬಿಂಬ. ವಿ4ರಲ್ಲಿ ಈ ರಗಳೆ ಇಲ್ಲ. ವಿ4ಗೆ ಡೈರೆಕ್ಟ್ ಸ್ಯಾಂಪ್ಲಿಂಗ್ ಆನ್ ಮಾಡಲೇಬಾರದು.

ತಂತಿ ಮತ್ತು ಗದ್ದಲ

ತಾರಸಿಗೆ ಮೊದಲು ಅನುಮತಿ. ಅಪಾರ್ಟ್‌ಮೆಂಟಿನಲ್ಲಿರುವವರು ಸಂಘಕ್ಕೆ ಬರೆಯುವ ಪತ್ರದಲ್ಲಿ "ಕೇಳುವುದಕ್ಕೆ ಮಾತ್ರ, ಏನನ್ನೂ ಪ್ರಸಾರ ಮಾಡುವುದಿಲ್ಲ" ಅನ್ನುವ ಸಾಲನ್ನು ಮೊದಲೇ ಹಾಕಿ. ಟವರ್, ರೇಡಿಯೇಶನ್ ಅನ್ನುವ ಮಾತು ಒಬ್ಬರ ಬಾಯಿಗೆ ಬಂತೆಂದರೆ ಮುಂದಿನ ಸಭೆಯವರೆಗೆ ಕಾಯಬೇಕಾಗುತ್ತದೆ. ತಂತಿಯ ದಪ್ಪ, ಎತ್ತರ, ನೀರಿನ ಟ್ಯಾಂಕಿನಿಂದ ಯಾವ ಕಂಬದವರೆಗೆ ಎಂದು ಒಂದು ಚಿತ್ರ ಬರೆದು ಲಗತ್ತಿಸಿದರೆ ಬೇಗ ಒಪ್ಪುತ್ತಾರೆ.

ತಂತಿ ಸುಮಾರು 16 ಮೀಟರ್, ಮಾಮೂಲಿ ಪಿವಿಸಿ ಹೊದಿಕೆಯದು. ಕೇಳಲು ಉದ್ದ ಅಷ್ಟೇನೂ ನಾಜೂಕಲ್ಲ. ಬುಡದಲ್ಲಿ 9:1 ಟ್ರಾನ್ಸ್‌ಫಾರ್ಮರ್ (9:1 ಅನ್ನುವುದು ಇಂಪಿಡೆನ್ಸ್ ಲೆಕ್ಕ, ಅದು ಸುತ್ತುಗಳ 3:1ರ ವರ್ಗ): ಬಿಎನ್-73-202 ಎಂಬ ಎರಡು ತೂತಿನ ಫೆರೈಟ್ ಕೋರ್, ಕೇಬಲ್ ಕಡೆ 3 ಸುತ್ತು, ತಂತಿಯ ಕಡೆ 9. ಎರಡು ಸುತ್ತುಗಳೂ ಬೇರೆ ಬೇರೆ ಇರಲಿ, ಒಂದಕ್ಕೊಂದು ಸೇರಿಸಬೇಡಿ. ತಂತಿಯ ಕಡೆಯ ಇನ್ನೊಂದು ತುದಿಯನ್ನು ತಾರಸಿಯಲ್ಲೇ ಭೂಮಿಗೆ ಅಥವಾ ಕೆಲವು ಮೀಟರ್ ಉದ್ದದ ಬಿಡಿ ತಂತಿಗೆ ಕೊಡಿ, ಕೇಬಲ್ಲಿನ ಜಾಲರಿಗೆ ಅಲ್ಲ. ಸಿದ್ಧ ಸಿಗುವ ಅಗ್ಗದ 9:1ಗಳಲ್ಲಿ ಈ ಎರಡೂ ಒಂದೇ ಆಗಿರುತ್ತವೆ. ಆಗ ಕೇಬಲ್ಲಿನ ಹೊರಮೈಯೇ ಆಂಟೆನಾದ ಅರ್ಧವಾಗಿ, ಮನೆಯೊಳಗಿನ ಗದ್ದಲವನ್ನೆಲ್ಲ ಹೊತ್ತು ತರುತ್ತದೆ.

ಇಷ್ಟು ಮಾಡಿ ಮೊದಲ ಸಲ ಶಾರ್ಟ್‌ವೇವ್ ತೆರೆದರೆ ಕಂಡದ್ದು ನಿಲ್ದಾಣಗಳಲ್ಲ. ಪ್ರತಿ 60–70 ಕಿಲೋಹರ್ಟ್ಸ್‌ಗೊಂದು ಮಸುಕಾದ ದಿಬ್ಬ, ಅದೂ ನಿಧಾನ ಜಾರುತ್ತಿರುವುದು. ಇದು ಎಸ್‌ಎಂಪಿಎಸ್‌ನ, ಅಂದರೆ ಈಗಿನ ಅಡಾಪ್ಟರುಗಳಲ್ಲಿರುವ ಸ್ವಿಚಿಂಗ್ ಪವರ್ ಸಪ್ಲೈಯ ಸಹಿ. ಎಲ್‌ಇಡಿ ದೀಪದ ಡ್ರೈವರ್, ರೂಟರಿನ 12 ವೋಲ್ಟ್ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್ ಚಾರ್ಜರ್ ಎಲ್ಲವೂ ಒಂದೊಂದು ಪುಟ್ಟ ಪ್ರಸಾರ ಕೇಂದ್ರ. ಹುಡುಕುವ ದಾರಿ ಹೀಗೆ: ಪೈಯನ್ನು ಪವರ್‌ಬ್ಯಾಂಕಿಗೆ ಹಾಕಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿಟ್ಟು, ಈಥರ್ನೆಟ್ ಕೇಬಲ್ ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ವಾಟರ್‌ಫಾಲ್ ನೋಡಿ. ಯಾವುದನ್ನು ಇಳಿಸಿದಾಗ ದಿಬ್ಬಗಳು ಮಾಯವಾದವೋ ಆ ಲೈನಿನಲ್ಲಿ ಒಂದೊಂದೇ ಪ್ಲಗ್ ಕಿತ್ತು ನೋಡಿ. ಕೈಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಇನ್ನೂ ಅನುಕೂಲ, ಮೀಡಿಯಂ ವೇವ್‌ನಲ್ಲಿಟ್ಟು ದೀಪದ ಹತ್ತಿರ ಹಿಡಿದರೆ ಗುರ್ ಅನ್ನುತ್ತದೆ.

ಇಲ್ಲಿ ನಮ್ಮೂರ ಕರೆಂಟು ಒಂದು ಉಪಕಾರ ಮಾಡಿತು. ಬೀದಿಯ ಕರೆಂಟೇ ಹೋದಾಗ, ಪೈ ಬ್ಯಾಟರಿಯಲ್ಲಿ ಓಡುತ್ತಿದ್ದ ಹೊತ್ತಿನಲ್ಲಿ, ವಾಟರ್‌ಫಾಲಿನ ಹಿನ್ನೆಲೆ ಹಳದಿಯಿಂದ ಕಡುನೀಲಿಗೆ ಇಳಿಯಿತು. ಅಲ್ಲಿಯವರೆಗೆ ಖಾಲಿ ಇದ್ದ 10 ಮೆಗಾಹರ್ಟ್ಸ್‌ನಲ್ಲಿ ಸಮಯ ಸಾರುವ ಚೀನಾದ ಬಿಪಿಎಂ ಕೇಂದ್ರದ ಸೆಕೆಂಡಿನ ಟಿಕ್‌ಗಳು ಸಣ್ಣ ಗೆರೆಯಾಗಿ ಮೂಡಿದವು. ಐದೇ ನಿಮಿಷದಲ್ಲಿ ಪಕ್ಕದ ಮನೆಯ ಇನ್ವರ್ಟರ್ ಶುರುವಾಗಿ ಮತ್ತೆ ಹಳದಿ. ಆ ನೀಲಿ ಮಟ್ಟವನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಜಾಗದಲ್ಲಿ ಮುಟ್ಟಬಹುದಾದ ತಳ ಅದು. ಅದಕ್ಕೆ ಹತ್ತಿರ ಹೋಗುವುದಷ್ಟೇ ಗುರಿ, ಬೀದಿಯ ದೀಪಗಳನ್ನೆಲ್ಲ ನೀವು ಬದಲಿಸಲಾರಿರಿ.

ಗಮನಾರ್ಹ ಬದಲಾವಣೆ ತಂದವು ಕೆಲವೇ. ರೂಟರಿನ ಅಡಾಪ್ಟರ್ ಬದಲಿಸಿದ್ದು. ಕೇಬಲ್ ಮನೆಯೊಳಗೆ ಬರುವಲ್ಲಿ 31ನೇ ಮಿಕ್ಸಿನ (ಫೆರೈಟ್ ಮಿಶ್ರಣದ ಬಗೆ) ದೊಡ್ಡ ಫೆರೈಟ್ ಉಂಗುರಕ್ಕೆ ತೆಳ್ಳನೆಯ ಆರ್‌ಜಿ-58ರ ತುಂಡನ್ನು ಹತ್ತು ಹನ್ನೆರಡು ಸುತ್ತು ಹಾಕಿದ್ದು (ಆರ್‌ಜಿ-6 ಬಿರುಸು, ಅಷ್ಟು ಸುತ್ತಲು ಬಗ್ಗದು). ಡಾಂಗಲನ್ನು ಪೈಗೆ ನೇರ ಚುಚ್ಚದೆ, ಫೆರೈಟ್ ಇರುವ ಅರ್ಧ ಮೀಟರ್ ಯುಎಸ್‌ಬಿ ಕೇಬಲ್ಲಿನ ತುದಿಗೆ ಇಟ್ಟದ್ದು. ಇದರಿಂದ ಪೈಯ ಬಿಸಿಯೂ ಡಾಂಗಲಿಗೆ ತಟ್ಟುವುದಿಲ್ಲ. ಎಚ್‌ಡಿಎಂಐ ಕೇಬಲ್ ಕಿತ್ತಿಡಿ, ಅದೂ ಗಲಾಟೆ ಮಾಡುತ್ತದೆ. 12 ವೋಲ್ಟಿನ ಬ್ಯಾಟರಿಗೆ 7805 ರೆಗ್ಯುಲೇಟರ್ ಚಿಪ್ ಹಾಕಿ ಶುದ್ಧ 5 ವೋಲ್ಟ್ ಮಾಡಿಕೊಳ್ಳುತ್ತೇನೆ ಅನ್ನುವವರಿಗೆ: 7 ವೋಲ್ಟ್ ಇಳಿಸಬೇಕು, ಪೈ ಮತ್ತು ಡಾಂಗಲ್ 1.2 ಆಂಪಿಯರ್ ಎಳೆದರೆ 8 ವ್ಯಾಟ್‌ಗೂ ಹೆಚ್ಚು ಬರೀ ಬಿಸಿಯಾಗಿ ಹೋಗುತ್ತದೆ. ಆ ಚಿಪ್ಪಿನ ಮಿತಿಯಂತೂ ಒಂದೂವರೆ ಆಂಪಿಯರ್.

ಬ್ರೌಸರಿಗೆ ತರುವುದು

ಓಪನ್‌ವೆಬ್‌ಆರ್‌ಎಕ್ಸ್ ಅನ್ನು ಶುರು ಮಾಡಿದ್ದು ಹಂಗೇರಿಯ ಹ್ಯಾಮ್ ಆಂಡ್ರಾಸ್ ರೆಟ್ಸ್‌ಲರ್. ಅವರು ಕೈಬಿಟ್ಟ ಮೇಲೆ ಜರ್ಮನಿಯ ಯಾಕೋಬ್ ಕೆಟರ್ಲ್ ಮುಂದುವರಿಸಿದರು. ಅದರ ಕವಲಾದ ಪ್ಲಸ್ ಆವೃತ್ತಿಯಲ್ಲಿ ಡಿಕೋಡರುಗಳು ಹೆಚ್ಚು, ನಾನು ಹಾಕಿದ್ದು ಅದನ್ನೇ. ರೆಪಾಸಿಟರಿ ಸೇರಿಸಿ ಆಪ್ಟ್‌ನಿಂದ ಹಾಕಿದರೆ ಮುಗಿಯಿತು. ಅಡ್ಮಿನ್ ಯೂಸರನ್ನು ಕಮಾಂಡ್ ಲೈನಿನಿಂದ ಸೃಷ್ಟಿಸಬಹುದು. ಆಮೇಲೆ ಬ್ರೌಸರಿನಲ್ಲಿ ಪೈಯ ವಿಳಾಸ, ಪೋರ್ಟ್ 8073.

ಸೆಟ್ಟಿಂಗ್ಸ್‌ನಲ್ಲಿ ಡಾಂಗಲಿಗೆ ಪ್ರೊಫೈಲ್‌ಗಳನ್ನು ಬರೆಯುತ್ತೀರಿ: ನಡು ಆವರ್ತನ, ಸ್ಯಾಂಪಲ್ ರೇಟ್, ಶುರುವಿನ ಆವರ್ತನ, ಮಾಡ್ಯುಲೇಶನ್, ಗೇನ್. ಇಲ್ಲಿ ಹೊಸಬರು ಎಲ್ಲರೂ ಎಡವುವ ಒಂದು ಸಂಗತಿ ಇದೆ. ಒಂದು ಡಾಂಗಲನ್ನು ಎಲ್ಲ ಕೇಳುಗರೂ ಹಂಚಿಕೊಂಡಿರುತ್ತಾರೆ. ಆ 2.4 ಮೆಗಾಹರ್ಟ್ಸ್ ಒಳಗೆ ಯಾರು ಎಲ್ಲಿ ಬೇಕಾದರೂ ಅಲೆಯಬಹುದು. ಆದರೆ ಒಬ್ಬರು ಪ್ರೊಫೈಲ್ ಬದಲಿಸಿದರೆ ಎಲ್ಲರ ಕಿಟಕಿಯೂ ಬದಲಾಗುತ್ತದೆ. ನೀವು 7.1ರಲ್ಲಿ ಮಾತು ಕೇಳುತ್ತಿರುವಾಗ ಇನ್ಯಾರೋ ಎಫ್‌ಎಂ ಒತ್ತಿದರೆ ಧ್ವನಿ ನಡುವಲ್ಲೇ ಕಡಿದುಹೋಗುತ್ತದೆ, ಸಾಫ್ಟ್‌ವೇರ್ ಕೆಟ್ಟಿತು ಅಂತ ಅನ್ನಿಸುತ್ತದೆ. ಒಂದೇ ಡಾಂಗಲ್ ಇದ್ದರೆ ಸಾರ್ವಜನಿಕರಿಗೆ ಎರಡು ಮೂರು ಪ್ರೊಫೈಲ್ ಸಾಕು.

ಎರಡು ಡಾಂಗಲ್ ಹಾಕುವವರು ನೆನಪಿಡಿ: ಅಂಗಡಿಯಿಂದ ಬಂದಾಗ ಎರಡರ ಸೀರಿಯಲ್ ಸಂಖ್ಯೆಯೂ 00000001. ರೀಬೂಟ್ ಆದಾಗ ಶಾರ್ಟ್‌ವೇವ್ ಪ್ರೊಫೈಲ್ ಹೋಗಿ ಎಫ್‌ಎಂ ಆಂಟೆನಾದ ಡಾಂಗಲಿಗೆ ಅಂಟಿಕೊಳ್ಳಬಹುದು. ಆರ್‌ಟಿಎಲ್-ಈಪ್ರಾಮ್ ಕಮಾಂಡಿನಿಂದ ಒಂದೊಂದಕ್ಕೂ ಬೇರೆ ಸಂಖ್ಯೆ ಕೊಟ್ಟು, ಕಿತ್ತು ಮತ್ತೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಆ ಸಂಖ್ಯೆ ಬರೆಯಿರಿ.

ಹ್ಯಾಮ್‌ಗಳ ಡಿಜಿಟಲ್ ಸಂದೇಶ ಪದ್ಧತಿಯಾದ ಎಫ್‌ಟಿ8 ಡಿಕೋಡ್ ಮಾಡಿಸುವುದಿದ್ದರೆ ಗಡಿಯಾರ ಮುಖ್ಯ. ಅದರ ಪ್ರಸಾರ 15 ಸೆಕೆಂಡಿನ ಚೌಕಟ್ಟಿನಲ್ಲಿ 12.64 ಸೆಕೆಂಡ್. ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ, ನೆಟ್ ಬರುವವರೆಗೆ ಅದು ಹಳೆಯ ಕಾಲದಲ್ಲೇ ಇರುತ್ತದೆ. ವಾಟರ್‌ಫಾಲಿನಲ್ಲಿ ಗೆರೆಗಳು ಚೊಕ್ಕ ಕಾಣುತ್ತವೆ, ಆದರೂ ಒಂದೂ ಡಿಕೋಡ್ ಆಗುತ್ತಿಲ್ಲವೆಂದರೆ ಟೈಮ್‌ಡೇಟ್‌ಸಿಟಿಎಲ್ ಓಡಿಸಿ ಸಿಂಕ್ರೊನೈಸ್ಡ್ ಎಂದು ಬರುತ್ತದೆಯೇ ನೋಡಿ. ಯಾರೂ ಕೇಳದ ಹೊತ್ತಿನಲ್ಲಿ ಹಗಲು 14, ರಾತ್ರಿ 7 ಮೆಗಾಹರ್ಟ್ಸ್ ಅಂತ ಶೆಡ್ಯೂಲರ್ ತಾನೇ ಬದಲಿಸುತ್ತದೆ. ಸಮಯ ಯುಟಿಸಿಯಲ್ಲಿ ಕೊಡಬೇಕು, ನಮ್ಮದರಿಂದ ಐದೂವರೆ ಗಂಟೆ ಕಳೆದು. ಸ್ಥಳಕ್ಕೆ ಮನೆಯ ನಿಖರ ಜಾಗ ಬೇಡ. ಬೆಂಗಳೂರಿನವರು ಎಂಕೆ82 ಎಂದು ಗ್ರಿಡ್ (ಹ್ಯಾಮ್‌ಗಳು ಬಳಸುವ ಭೂಪಟದ ಚೌಕದ ಹೆಸರು) ಹಾಕಿದರೆ ಸಾಕು.

ಹಳೆಯ ಕೈಪಿಡಿಗಳನ್ನು ಓದಿ 137 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಚಿತ್ರಕ್ಕೆ ಕಾಯಬೇಡಿ. ನೋವಾ 15, 18, 19 ಮೂರನ್ನೂ 2025ರಲ್ಲಿ ನಿಲ್ಲಿಸಿದ್ದಾರೆ.

ವಿಮಾನಗಳ ಮಾತು, ಪೊಲೀಸ್ ವೈರ್‌ಲೆಸ್ ಇತ್ಯಾದಿಗಳನ್ನು ಸಾರ್ವಜನಿಕ ಪ್ರೊಫೈಲಿನಲ್ಲಿ ಇಡಬೇಡಿ. ಪ್ರಸಾರದ ಬ್ಯಾಂಡುಗಳು, ಹ್ಯಾಮ್ ಬ್ಯಾಂಡುಗಳು ಇದ್ದರೆ ಕೇಳಲು ಬೇಕಾದಷ್ಟಿದೆ.

ಹೊರಗಿನ ಬಾಗಿಲು

ಮನೆಯೊಳಗೆ ಎಲ್ಲ ಸರಿಯಾದ ಮೇಲೆ ರೂಟರಿನಲ್ಲಿ 8073 ಫಾರ್ವರ್ಡ್ ಮಾಡಿ, ಹೊರಗಿನಿಂದ ಏನೂ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ರೂಟರಿನ ವ್ಯಾನ್ ಐಪಿ (ಕಂಪನಿಯ ಕಡೆಯಿಂದ ಬಂದ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನಿಮ್ಮಂಥ ಎಷ್ಟೋ ಮನೆಗಳಿಗೆ ಕಂಪನಿ ಒಂದೇ ಸಾರ್ವಜನಿಕ ವಿಳಾಸ ಹಂಚಿದೆ. ನಿಮ್ಮ ರೂಟರಿನಲ್ಲಿ ಏನೇ ತೆರೆದರೂ ಅವರ ಬಾಗಿಲು ಮುಚ್ಚಿಯೇ ಇರುತ್ತದೆ.

ದಾರಿ ಎರಡು. ಒಂದು ಸ್ಟ್ಯಾಟಿಕ್ ಐಪಿ ಕೇಳುವುದು. ಸಹಾಯವಾಣಿಯ ಹುಡುಗ ಕೇಳಿದ ಮೊದಲ ಪ್ರಶ್ನೆ, "ಸಿಸಿಟಿವಿಗಾ ಸಾರ್?" ಹೌದೆಂದರೆ ಬೇಗ ಮುಗಿಯುತ್ತದೆ. ರೇಡಿಯೋ ರಿಸೀವರ್ ಅಂದದ್ದಕ್ಕೆ ಫೋನು ಮೇಲಿನವರಿಗೆ ಹೋಯಿತು. ಅವರು ಫಾರಂ ಕಳಿಸಿದರು, ಆಧಾರ್ ಪ್ರತಿ, ಯಾತಕ್ಕೆ ಬೇಕೆಂದು ಒಂದು ಪತ್ರ. ಪತ್ರದಲ್ಲಿ "ಮನೆಯಲ್ಲಿನ ಸರ್ವರಿಗೆ ದೂರದಿಂದ ಪ್ರವೇಶ" ಎಂದು ಬರೆದರೆ ಸುಳ್ಳೂ ಅಲ್ಲ, ವಿವರಣೆಯೂ ಬೇಡ. ವರ್ಷಕ್ಕೆ ಎರಡು ಸಾವಿರದ ಆಸುಪಾಸು, ಜಿಎಸ್‌ಟಿ ಬೇರೆ. ದುಡ್ಡು ಕಟ್ಟಿದ ಮೇಲೂ "ಇಪ್ಪತ್ನಾಲ್ಕು ಗಂಟೆಯಲ್ಲಿ ಆಗುತ್ತದೆ" ಎಂಬ ಮಾತು ಬಹಳ ಸಲ ಕೇಳಬೇಕಾಯಿತು. ವಿಳಾಸ ಕೊಟ್ಟಿದ್ದರು, ಪೋರ್ಟ್ ತೆರೆದಿರಲಿಲ್ಲ. ಟಿಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಹೊಸಬರ ಹತ್ತಿರ ಕಥೆ ಮೊದಲಿಂದ ಹೇಳುವುದು ತಪ್ಪುತ್ತದೆ.

ಕಂಪನಿಯ ಫೈಬರ್ ಪೆಟ್ಟಿಗೆ ಒಂದು, ನಿಮ್ಮ ರೂಟರ್ ಇನ್ನೊಂದು ಇದ್ದರೆ ಎರಡರಲ್ಲೂ ಫಾರ್ವರ್ಡ್ ಬೇಕು, ಅಥವಾ ಮೊದಲನೆಯದನ್ನು ಬ್ರಿಡ್ಜ್ ಮೋಡಿಗೆ ಹಾಕಿಸಬೇಕು. ಪೈಗೆ ರೂಟರಿನಲ್ಲಿ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಒಂದು ರೀಬೂಟ್ ಆದ ಮೇಲೆ ಫಾರ್ವರ್ಡ್ ಹೋಗಿ ಇನ್ಯಾವುದೋ ಮೊಬೈಲಿಗೆ ಬಡಿಯುತ್ತದೆ. ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬೇಡಿ. ಒಳಗಿನಿಂದ ಹೊರವಿಳಾಸ ಕರೆದರೆ ಎಷ್ಟೋ ರೂಟರುಗಳು ತಿರುಗಿಸಿ ಕೊಡುವುದಿಲ್ಲ. ಮೊಬೈಲ್ ಡೇಟಾದಲ್ಲೇ ನೋಡಿ.

ಎರಡನೆಯ ದಾರಿ ಸ್ಟ್ಯಾಟಿಕ್ ಐಪಿಯೇ ಬೇಡ ಅನ್ನುವವರಿಗೆ. ನಿಮಗೂ ನಾಲ್ಕು ಗೆಳೆಯರಿಗೂ ಮಾತ್ರ ಸಾಕೆಂದರೆ ಖಾಸಗಿ ಜಾಲ ಕಟ್ಟಿಕೊಡುವ ಟೇಲ್‌ಸ್ಕೇಲ್ ಹಾಕಿ, ಖರ್ಚಿಲ್ಲ. ಸಾರ್ವಜನಿಕವಾಗಿ ಬೇಕೆಂದರೆ ಎಲ್ಲಾದರೂ ಒಂದು ಚಿಕ್ಕ ಬಾಡಿಗೆ ಸರ್ವರ್, ಅಲ್ಲಿಂದ ಪೈಗೆ ವೈರ್‌ಗಾರ್ಡ್ ಸುರಂಗ. ಪೈ ಕಡೆಯಿಂದ ಕೀಪ್‌ಅಲೈವ್ 25 ಸೆಕೆಂಡಿಗೆ ಇಡಿ, ಇಲ್ಲವಾದರೆ ಸುಮ್ಮನಿದ್ದಾಗ ಸಿಜಿನ್ಯಾಟ್ ಸುರಂಗವನ್ನು ಮರೆತುಬಿಡುತ್ತದೆ. ಆ ಸರ್ವರಿನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಮ್ ಇಟ್ಟರೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರುಗಳನ್ನು ದಾಟಿಸಲು ಹೇಳಬೇಕು, ಎಚ್‌ಟಿಟಿಪಿ 1.1 ಕೂಡ. ಪುಟ ತೆರೆಯುತ್ತದೆ, ಗುಂಡಿಗಳು ಕಾಣುತ್ತವೆ, ವಾಟರ್‌ಫಾಲ್ ಮಾತ್ರ ಕಪ್ಪು ಅಂತಾದರೆ ನೂರಕ್ಕೆ ತೊಂಬತ್ತು ಪಾಲು ಇದೇ. ವೆಬ್‌ಸಾಕೆಟ್ ದಾಟಿಲ್ಲ.

ದಿನವಿಡೀ ಓಡಿಸುವುದು

ಪೈ ಮತ್ತು ಒಂದು ಡಾಂಗಲ್ ಸೇರಿ ಐದಾರು ವ್ಯಾಟ್. ತಿಂಗಳಿಗೆ ನಾಲ್ಕು ಯೂನಿಟ್, ಬಿಲ್ಲಿನಲ್ಲಿ ಗೊತ್ತೂ ಆಗದು. ಗೊತ್ತಾಗುವುದು ಕರೆಂಟ್ ಹೋಗಿ ಬಂದಾಗ. ಬರೆಯುತ್ತಿದ್ದ ಕಾರ್ಡ್ ಅರ್ಧಕ್ಕೆ ನಿಂತರೆ ಫೈಲ್ ಸಿಸ್ಟಂ ಕೆಡುತ್ತದೆ. ಕ್ಯಾಮೆರಾಗಳಿಗೆ ಮಾರುವ ಹೈ ಎಂಡ್ಯೂರೆನ್ಸ್ ಕಾರ್ಡ್ ತಗೊಳ್ಳಿ, ಲಾಗ್‌ಗಳನ್ನು ರ್‍ಯಾಮಿಗೆ ಹಾಕಿ. ಸೆಟ್ಟಿಂಗ್ಸ್ ಎಲ್ಲ ಗಟ್ಟಿಯಾದ ಮೇಲೆ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಆಮೇಲೆ ಬದಲಿಸಿದ ಪ್ರೊಫೈಲ್ ರೀಬೂಟಿನಲ್ಲಿ ಮಾಯವಾದರೆ ಗಾಬರಿ ಬೇಡ, ಓವರ್‌ಲೇ ಆಫ್ ಮಾಡಿಯೇ ಬದಲಿಸಬೇಕು. ಕಾರ್ಡಿನ ಒಂದು ಪೂರ್ತಿ ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟಿರಿ. ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದರೂ ಪೈಗೆ ಬೇರೆ ಬೇಕು, ಒಂದು ಎದ್ದು ಇನ್ನೊಂದು ಮಲಗಿದ್ದರೆ ಪ್ರಯೋಜನವಿಲ್ಲ.

ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿಟ್ಟ ಪೈ 80 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಧ್ವನಿ ಮುಕ್ಕಾಗುತ್ತದೆ. ಫ್ಯಾನಿಗಿಂತ ಅಲ್ಯೂಮಿನಿಯಂ ಕವಚ ವಾಸಿ, ಸದ್ದೂ ಇಲ್ಲ, ಧೂಳೂ ಇಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಮೊದಲೇ ಸಿದ್ಧರಾಗಿ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ, ಹೊರಗೋಡೆಗೆ, ಗ್ಯಾಸ್ ಡಿಸ್ಚಾರ್ಜ್ ಅರೆಸ್ಟರ್ ಹಾಕಿ ದಪ್ಪ ತಂತಿಯಿಂದ ಭೂಮಿಗೆ ಇಳಿಸಿ. ಅದು ಹತ್ತಿರದ ಮಿಂಚಿನ ಪ್ರೇರಿತ ವೋಲ್ಟೇಜಿಗೆ, ಒಣ ಗಾಳಿಯ ಸ್ಟ್ಯಾಟಿಕ್‌ಗೆ ಆದೀತು. ನೇರ ಸಿಡಿಲಿಗೆ ಯಾವುದೂ ಆಗದು. ಮೋಡ ಕವಿದಾಗ ಕೇಬಲ್ ಕಿತ್ತು ಗೋಡೆಯ ಹೊರಗಡೆಯೇ ಬಿಡಬೇಕು. ಡಾಂಗಲ್‌ನಿಂದ ಕಿತ್ತು ಮೇಜಿನ ಮೇಲೆ ಇಟ್ಟರೆ ಸಾಲದು, ಅಷ್ಟು ದೂರ ಬಂದ ಸಿಡಿಲಿಗೆ ಇನ್ನೊಂದು ಗೇಣು ಹಾರುವುದು ಕಷ್ಟವಲ್ಲ. ಊರಿಗೆ ಹೋಗುವ ವಾರ ರಿಸೀವರನ್ನು ಆಫ್‌ಲೈನ್ ಮಾಡಿ, ಆಂಟೆನಾ ಕಿತ್ತೇ ಹೊರಡಿ.